ಪುತ್ತುಬ್ಬ ಬ್ಯಾರಿಗಳ ಮೀಟರ್ ಚಕ್ರ

ಕಾಪು ಪೇಟೆಯಲ್ಲಿ ಕೊಡೆ ಅಂಗಡಿ ಇಟ್ಟಿದ್ದ ಪುತ್ತುಬ್ಬ ಬ್ಯಾರಿಗಳು ನಮ್ಮ ಪಕ್ಕದ ಮನೆಯವರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆದರೆ ಎಂಬತ್ತರ ದಶಕದ ಸುರುವಿಗೆ ಅವರ ಮನೆಗೆ ಕರೆಂಟ್ ಬಂದದ್ದೇ ತಡ, ಒಂದು ಹುಚ್ಚು ಹಿಡಿಯಿತು. ಜಗಲಿಯ ಗೋಡೆಯಲ್ಲಿದ್ದ ಮೀಟರಿನ ಎದುರು ಕುರ್ಚಿ ಹಾಕಿಕೊಂಡು, ಅದರೊಳಗೆ ತಿರುಗುವ ಚಕ್ರವನ್ನೇ ನೋಡುತ್ತ ಕೂರುವುದು. ಚಕ್ರದ ಕೆಂಪು ಗುರುತು ಒಮ್ಮೆ ಸುತ್ತಿ ಬಂದರೆ ಸಾಕು, "ಸಫಿಯಾ, ಯಾವ ಸ್ವಿಚ್ ಹಾಕಿದ್ದೀ?" ಎಂದು ಒಳಗಿದ್ದ ಹೆಂಡತಿಗೆ ಬೊಬ್ಬೆ.

ಮನೆಯಿಡೀ ಝೀರೋ ಬಲ್ಬು. ಅಷ್ಟು ಸಣ್ಣ ಬಲ್ಬಿಗೆ ಚಕ್ರ ಅಲುಗಾಡಿದ್ದು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಅದಕ್ಕೆ ಕರೆಂಟೇ ಬೇಡ ಎಂದು ಅವರ ತೀರ್ಮಾನ. ಆ ಬೆಳಕಿನಲ್ಲಿ ಊಟಕ್ಕೆ ಕೂತರೆ ತಟ್ಟೆಯಲ್ಲಿರುವ ಮೀನು ಬಂಗುಡೆಯೋ ಬೂತಾಯಿಯೋ ಎಂದು ಮುಟ್ಟಿ ನೋಡಿ ತಿಳಿಯಬೇಕು. ನಾನು ಒಮ್ಮೆ ಉಂಡು ಬಂದವಳು, ಅದಕ್ಕೇ ಹೇಳುತ್ತಿದ್ದೇನೆ.

ಸಫಿಯಮ್ಮನಿಗೆ ಬಲಭುಜದ ನೋವು ಸುರುವಾಗಿತ್ತು. ರೊಟ್ಟಿಗೆ ಅಕ್ಕಿಯನ್ನು ಗಟ್ಟಿಯಾಗಿ ಅರೆಯಬೇಕು. ಕಡೆಯುವ ಕಲ್ಲಿನ ಗುಂಡು ತಿರುಗಿಸಿ ತಿರುಗಿಸಿ ಭುಜ ಸೋತಿತ್ತು. "ಒಂದು ಗ್ರೈಂಡರ್ ಬೇಕಿತ್ತು" ಎಂದು ಮೆಲ್ಲಗೆ ಹೇಳಿದರು. ಬ್ಯಾರಿಗಳು ಇಲ್ಲ ಎನ್ನಲಿಲ್ಲ. "ತರುವಾ. ಆದರೆ ಕರೆಂಟ್ ಕಡಿಮೆ ತಿನ್ನುವಂಥದ್ದನ್ನು ನೋಡಿ ತರಬೇಕು, ಅಲ್ವಾ?" ಎಂದರು.

ಶಿರ್ವದಲ್ಲಿ ಇಂಥ ಸಾಮಾನು ಮಾರುತ್ತಿದ್ದ ಓಸ್ವಾಲ್ಡ್ ಎಂಬವರು, ಪಾಪ, ಒಂದು ದೊಡ್ಡದು ಒಂದು ಸಣ್ಣದು ಎರಡು ಗ್ರೈಂಡರ್ ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಬ್ಯಾರಿಗಳು ಮನೆಯ ಸ್ವಿಚ್ಚೆಲ್ಲ ಆರಿಸಿ ಮೀಟರಿನ ಎದುರು ಕೂತರು. ದೊಡ್ಡದು ಓಡಿತು. "ಯಾ ಅಲ್ಲಾ! ನಿಲ್ಲಿಸಿ, ನಿಲ್ಲಿಸಿ!" ಸಣ್ಣದು ಓಡಿತು. "ಇದು ಸಾವಕಾಶ ತಿರುಗ್ತದೆ. ಆದರೂ ತಿರುಗ್ತದಲ್ಲ ಮಾರಾಯ್ರೆ." ಆಮೇಲೆ ಸಫಿಯಮ್ಮನನ್ನು ಕಡೆಯುವ ಕಲ್ಲಿನ ಎದುರು ಕೂರಿಸಿ ಅರೆಯಲು ಹೇಳಿದರು. ಮೀಟರ್ ನೋಡಿದರು. ಮುಖ ಅರಳಿತು.

"ನೋಡಿ ಓಸ್ವಾಲ್ಡರೇ, ಚಕ್ರ ಅಲ್ಲೇ ಉಂಟು! ಇದಕ್ಕಿಂತ ಒಳ್ಳೆಯ ಗ್ರೈಂಡರ್ ನಿಮ್ಮ ಹತ್ರ ಉಂಟಾ?"

ಓಸ್ವಾಲ್ಡ್ ಎರಡನ್ನೂ ರಿಕ್ಷಾಕ್ಕೆ ಹೊತ್ತರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬೊಂಬಾಯಿಯ ಹೋಟೆಲಿನಲ್ಲಿದ್ದ ನನ್ನ ಗಂಡ ಕಳೆದ ರಜೆಯಲ್ಲಿ ನನಗೊಂದು ಗ್ರೈಂಡರ್ ತಂದುಕೊಟ್ಟಿದ್ದರು. ಬ್ಯಾರಿಗಳು ಅಂಗಡಿಗೆ ಹೋದ ಮೇಲೆ ಸಫಿಯಮ್ಮ ನೆನೆಸಿದ ಅಕ್ಕಿ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬರತೊಡಗಿದರು. ಕರೆದದ್ದು ನಾನೇ. ಅತ್ತ ಬ್ಯಾರಿಗಳು ಪೇಟೆಯಲ್ಲಿ, "ನಮ್ಮಲ್ಲಿ ದಿನಾ ರೊಟ್ಟಿ, ಬೆಣ್ಣೆಯ ಹಾಗೆ. ಚಕ್ರ ಮಾತ್ರ ತಿರುಗುವುದಿಲ್ಲ" ಎಂದು ಕೊಡೆ ಕೊಳ್ಳಲು ಬಂದವರಿಗೆಲ್ಲ ಹೇಳಿ ಎದೆ ಉಬ್ಬಿಸುತ್ತಿದ್ದರು. ನಾನು ನಾಲಗೆ ಕಚ್ಚಿಕೊಂಡು ಸುಮ್ಮನಿದ್ದೆ.

ಅವರ ಮಗಳು ಫಾತಿಮಾಳನ್ನು ನೋಡಲು ಕುಕ್ಕುಂದೂರಿನಿಂದ ಗಂಡಿನ ಕಡೆಯವರು ಬರುವ ದಿನ. ಬೆಳಿಗ್ಗೆಯೇ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಊರಿಡೀ ಕರೆಂಟ್ ಇಲ್ಲ. ಅಕ್ಕಿ ನಮ್ಮ ಗ್ರೈಂಡರಿನಲ್ಲಿ ಹಾಗೇ ಕೂತಿತ್ತು. ಸಫಿಯಮ್ಮ ನನ್ನ ಅಡುಗೆಮನೆಯಲ್ಲಿ ಅಳುವ ಹಾಗಾಗಿ ನಿಂತಿದ್ದರು. ಅಷ್ಟರಲ್ಲಿ ಬ್ಯಾರಿಗಳು ಹೆಂಡತಿಯನ್ನು ಹುಡುಕಿಕೊಂಡು ನಮ್ಮ ಹಿಂಬಾಗಿಲಿಗೇ ಬಂದರು.

"ರೊಟ್ಟಿ ಆಯ್ತಾ? ಇಲ್ಲಿ ಎಂತ ಮಾಡ್ತಿದ್ದೀ?"

"ಕರೆಂಟ್ ಇಲ್ಲ" ಎಂದರು ಸಫಿಯಮ್ಮ.

"ಕರೆಂಟಿಗೂ ನಮಗೂ ಎಂತ ಸಂಬಂಧ? ನಮ್ಮ ಕಲ್ಲು ಉಂಟಲ್ಲ!"

ನನಗೆ ಇನ್ನು ತಡೆಯಲಾಗಲಿಲ್ಲ. "ಬ್ಯಾರಿಗಳೇ, ಇಷ್ಟು ದಿನ ನಿಮ್ಮ ರೊಟ್ಟಿಗೆ ತಿರುಗಿದ್ದು ನಮ್ಮ ಮನೆಯ ಚಕ್ರ. ಗೊತ್ತುಂಟಾ?"

ಅವರು ನನ್ನ ಗ್ರೈಂಡರನ್ನು ನೋಡಿದರು, ಅದರಲ್ಲಿದ್ದ ತಮ್ಮ ಅಕ್ಕಿಯನ್ನು ನೋಡಿದರು. ಏನೋ ಗದರಿಸಲು ಬಾಯಿ ತೆರೆದರು. ಆಗ ಸಫಿಯಮ್ಮನ ತಲೆಯ ಬಟ್ಟೆ ಜಾರಿತು. ಸರಿಮಾಡಲು ಬಲಗೈ ಎತ್ತಿದರು. ಅದು ಎದೆಯ ತನಕ ಬಂದು ನಿಂತಿತು. ಎಡಗೈಯಿಂದ ಎಳೆದುಕೊಂಡರು.

"ಯಾವಾಗಿಂದ ಹೀಗೆ?" ಎಂದು ಬ್ಯಾರಿಗಳು ಕೇಳಿದರು. ದನಿಯೇ ಬೇರೆಯಾಗಿತ್ತು.

"ನೀವು ಮೀಟರ್ ನೋಡ್ತಾ ಇದ್ರಿ" ಎಂದರು ಸಫಿಯಮ್ಮ. ಸಿಟ್ಟಿನಿಂದಲ್ಲ.

ಬ್ಯಾರಿಗಳು ಗ್ರೈಂಡರಿನಲ್ಲಿದ್ದ ಅಕ್ಕಿಯನ್ನು ಪಾತ್ರೆಗೆ ತುಂಬಿಕೊಂಡು ಮನೆಗೆ ಹೋದರು. ಲುಂಗಿ ಮಡಚಿ ಕಟ್ಟಿ ಕಡೆಯುವ ಕಲ್ಲಿನ ಎದುರು ಕೂತರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ನೋಡದೆ ಬಿಡುತ್ತೇನಾ? ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. "ಬೇಬಿಯಕ್ಕಾ, ಇನ್ನೂ ಎಷ್ಟು ಉಂಟು?" ಎಂದು ಏದುಸಿರಿನಲ್ಲಿ ಕೇಳಿದರು. "ಈಗ ಸುರುವಾದದ್ದಷ್ಟೇ ಬ್ಯಾರಿಗಳೇ. ಚಕ್ರ ನೋಡಿ ಬರಲಾ?" ಎಂದೆ. ಅವರು ಮತ್ತೆ ಗುಂಡು ತಿರುಗಿಸತೊಡಗಿದರು. ಅಂದಿನ ರೊಟ್ಟಿ ತರಿತರಿಯಾಗಿತ್ತು. ಕುಕ್ಕುಂದೂರಿನವರು ಮರ್ಯಾದಸ್ಥರು, ತಿಂದು ಸಂಬಂಧ ಒಪ್ಪಿ ಹೋದರು.

ಮರುದಿನ ಕರೆಂಟ್ ಬಂದ ಮೇಲೆ, ಬ್ಯಾರಿಗಳೇ ಹೇಳಿಕಳಿಸಿದ್ದರಿಂದ, ಓಸ್ವಾಲ್ಡ್ ಮತ್ತೆ ಎರಡನ್ನೂ ಹೊತ್ತು ತಂದು, "ಮೀಟರ್ ನೋಡ್ತೀರಾ?" ಎಂದು ಹೆದರುತ್ತಲೇ ಕೇಳಿದರು. "ಅದು ಇರಲಿ. ಭಾರ ಎತ್ತದೆ ಹಿಟ್ಟು ತೆಗೀಲಿಕ್ಕೆ ಆಗುವುದು ಯಾವುದು?" ಎಂದರು ಬ್ಯಾರಿಗಳು. ಸಣ್ಣದು ಉಳಿಯಿತು. ಝೀರೋ ಬಲ್ಬು ಮಾತ್ರ ಬದಲಾಗಲಿಲ್ಲ, ಅಷ್ಟೆಲ್ಲ ಆಸೆ ಪಡಬಾರದು.

ಗ್ರೈಂಡರ್ ಓಡಲು ಸುರುವಾದಾಗ ಬ್ಯಾರಿಗಳು ಜಗಲಿಗೆ ಹೋದರು. ಇನ್ನು ಬೊಬ್ಬೆ ಕೇಳುತ್ತದೆ ಎಂದು ನಾನು ಕಾದೆ. ಅವರು ಮೀಟರಿನ ಎದುರಿದ್ದ ಕುರ್ಚಿ ಎತ್ತಿಕೊಂಡು ಅಡುಗೆಮನೆಗೆ ಬಂದು ಗ್ರೈಂಡರಿನ ಪಕ್ಕ ಇಟ್ಟರು.

"ಕೂತುಕೋ" ಎಂದರು ಸಫಿಯಮ್ಮನಿಗೆ.

ಸಫಿಯಮ್ಮ ಕೂತರು. ಜಗಲಿಯಲ್ಲಿ ಚಕ್ರ ತಿರುಗುತ್ತಿತ್ತು, ನೋಡುವವರು ಯಾರೂ ಇರಲಿಲ್ಲ.