ಫೋನಿನಲ್ಲಿ ಎದೆಬಡಿತ: ಸಂಡೂರಿನಿಂದ ಕಂಪ್ಲಿಗೆ

ತೊಂಬತ್ತರ ದಶಕದ ಒಂದು ಡಿಸೆಂಬರ್ ಬೆಳಿಗ್ಗೆ, ಮೈಸೂರಿನಿಂದ ರೈಲಿನಲ್ಲಿ ಬಂದು ಹೊಸಪೇಟೆಯಲ್ಲಿ ಇಳಿದಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ತಂತಿಗಳೇ ಹೆಚ್ಚಿದ್ದವು. ಮೈಸೂರಿನ ಪ್ರಯೋಗಾಲಯದಲ್ಲಿ ಎರಡು ವರ್ಷ ಕೂತು ನಾನೊಂದು ಪೆಟ್ಟಿಗೆ ಮಾಡಿದ್ದೆ. ಅದರ ಎರಡು ಲೋಹದ ಬಿಲ್ಲೆಗಳ ಮೇಲೆ ಬೆರಳಿಟ್ಟು ಗುಂಡಿ ಒತ್ತಿದರೆ ಎದೆಬಡಿತ ಸಿಳ್ಳಿನಂಥ ಸದ್ದಾಗುತ್ತಿತ್ತು. ಆ ಸದ್ದನ್ನು ಫೋನಿಗೆ ಹಿಡಿದರೆ ದೂರದ ಆಸ್ಪತ್ರೆಯಲ್ಲಿ ಕಾಗದದ ಮೇಲೆ ಗೆರೆಯಾಗಿ ಮೂಡಬೇಕು. ಬಸ್ಸು ಹತ್ತಲಾರದ ವಯಸ್ಸಾದವರಿಗಾಗಿ ಮಾಡಿದ್ದು. ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಸುಮಿತ್ರಾ ಗೆರೆ ಬರೆಯುವ ಯಂತ್ರದ ಮುಂದೆ ಕುಳಿತರು. ನಾನು ಸಂಡೂರಿನ ಬಸ್ಸು ಹತ್ತಿದೆ.

ಘಾಟಿಯಲ್ಲಿ ಅದಿರಿನ ಲಾರಿಗಳ ಹಿಂದೆ ತೆವಳಿ, ಸಂಡೂರು ದಾಟಿ ಯಶವಂತನಗರ ಮುಟ್ಟುವಾಗ ನನ್ನ ತಿಳಿನೀಲಿ ಸೀರೆ ಅದಿರಿನ ದೂಳಿಗೆ ಕೆಂಪಾಗಿತ್ತು. ಗಣಿಯಲ್ಲಿ ದುಡಿದು ನಿವೃತ್ತರಾದ ಹುಲುಗಪ್ಪ ಎಸ್‌ಟಿಡಿ ಬೂತಿನಲ್ಲಿ ಕಾಯುತ್ತಿದ್ದರು. ಬಿಲ್ಲೆಗಳ ಮೇಲೆ ಬೆರಳಿಟ್ಟರು. ಪೆಟ್ಟಿಗೆಯನ್ನು ಫೋನಿಗೆ ಹಿಡಿದೆ. ಆ ಕಡೆಯಿಂದ ಡಾಕ್ಟರು, “ಏನೂ ಬರವಲ್ದು” ಎಂದರು.

“ಸತ್ತೀನಂತೇನವ್ವಾ?” ಎಂದು ಹುಲುಗಪ್ಪ ನಕ್ಕರು.

ಜಡ್ಡುಗಟ್ಟಿದ ಒಣ ಬೆರಳುಗಳಿಂದ ಬಡಿತ ಬಿಲ್ಲೆಗೆ ದಾಟುತ್ತಿರಲಿಲ್ಲ. ಮತ್ತೆ ಯತ್ನಿಸಿದೆವು; ನಡುಗುವ ಕೈ ಗುಂಡಿಯಿಂದ ಜಾರಿತು. ನಾಲ್ಕನೆಯ ಸಲ ಅವರು ಕೈ ಹಿಂತೆಗೆದುಕೊಂಡರು. “ಬ್ಯಾಸರ ಮಾಡ್ಕೋಬ್ಯಾಡವ್ವಾ, ಈ ಡಬ್ಬಿ ಹರೇದವರಿಗೆ ಮಾಡಿದ್ದೈತಿ.”

ನನ್ನ ಮುಖ ಬಾಡಿತು. ಆದರೆ ಅವರ ಮಾತು ನಿಜ: ಇಷ್ಟು ದಿನ ನಾನು ಪರೀಕ್ಷೆ ಮಾಡಿದ್ದೆಲ್ಲ ಹರೆಯದ ಸಹೋದ್ಯೋಗಿಗಳ ಬೆರಳುಗಳ ಮೇಲೆ.

ಮಧ್ಯಾಹ್ನವೇ ಹೊಸಪೇಟೆಗೆ ಮರಳಿ, ಊಟ ಬಿಟ್ಟು ಹಿತ್ತಾಳೆ ಪಾತ್ರೆ ಮಾಡುವವರ ಹತ್ತಿರ ಹೋದೆ. ಮುಷ್ಟಿ ತುಂಬುವಂಥ ಎರಡು ಕೊಳವೆ ಕತ್ತರಿಸಿಕೊಟ್ಟರು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಬೆಸುಗೆ ಹಾಕಿದೆ. ಗುಂಡಿಯನ್ನು ಕಿತ್ತೇಬಿಟ್ಟೆ. ಈಗ ಒದ್ದೆ ಬಟ್ಟೆ ಸುತ್ತಿದ ಕೊಳವೆಗಳನ್ನು ಹಿಡಿದರೆ ಸಾಕು, ಪೆಟ್ಟಿಗೆ ತಾನೇ ಶುರುವಾಗುತ್ತಿತ್ತು.

ಮರುದಿನ, ಡಾಕ್ಟರು ಹೇಳಿದ ಇನ್ನೊಬ್ಬ ವೃದ್ಧೆಗಾಗಿ ಕಂಪ್ಲಿ ಬಸ್ಸು. ಒಂದು ತಾಸಿನ ದಾರಿ. ಕಾಲುವೆ, ಬಾಳೆ, ಕಬ್ಬು, ಎಡಕ್ಕೆ ಹಂಪಿಯ ಬಂಡೆಗಳು. ಕಮಲಾಪುರದಲ್ಲಿಳಿದು ಹಂಪಿ ನೋಡುವ ಆಸೆಯಿತ್ತು, ಇಳಿಯಲಿಲ್ಲ.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಬಸವರಾಜರ ತಾಯಿ ಗಂಗಮ್ಮನವರಿಗೆ ವಾರದಿಂದ ತಲೆಸುತ್ತು. ಆಸ್ಪತ್ರೆಗೆ ಹೋಗಲು ಒಪ್ಪಿರಲಿಲ್ಲ. ಗಿರಣಿಯ ಫೋನಿನ ಪಕ್ಕ ಕುಳಿತು ಕೊಳವೆಗಳನ್ನು ಹಿಡಿದರು.

“ಬರೀ ಮಷಿನ್ ಸದ್ದು ಕೇಳಾಕತ್ತೈತಿ,” ಎಂದರು ಡಾಕ್ಟರು.

ಹೊರಗೆ ಭತ್ತದ ಗಾಡಿಗಳು ಸಾಲುಗಟ್ಟಿದ್ದವು. “ಹತ್ತು ನಿಮಿಷ ಗಿರಣಿ ನಿಲ್ಲಿಸ್ತೀರಾ?” ಎಂದು ಕೇಳಿದೆ. ಬಸವರಾಜ ಗಾಡಿಗಳನ್ನು ನೋಡಿದರು, ತಾಯಿಯನ್ನು ನೋಡಿದರು. “ಬಂದ್ ಮಾಡ್ರಲೇ!” ಎಂದು ಕೂಗಿದರು.

ಗಿರಣಿ ನಿಂತಿತು. ಪೆಟ್ಟಿಗೆ ಸಿಳ್ಳು ಹಾಕಿತು. ನಾನು ರಿಸೀವರನ್ನು ಅದಕ್ಕೆ ಒತ್ತಿ ಹಿಡಿದೆ.

“ಗೆರಿ ಚಲೋ ಬಂತು,” ಎಂದರು ಡಾಕ್ಟರು. “ಎದಿ ಭಾಳ ನಿಧಾನ ಬಡಿಯಾಕತ್ತೈತಿ. ಈಗಿಂದೀಗ ಕರ್ಕೊಂಡು ಬರ್ರಿ.”

ವಿಷಯ ಹೇಳಿದಾಗ ಗಂಗಮ್ಮ ಕೊಳವೆಗಳನ್ನು ಕೆಳಗಿಟ್ಟರು. “ನನ್ನ ಎದಿ ಹೊಸಪೇಟಿ ಮುಟ್ಟೈತಂದ್ರ ಇನ್ನ ನಾನೂ ಹೋಗಬೇಕಲ್ಲ,” ಎಂದು ಎದ್ದರು.

ಜೀಪಿನಲ್ಲಿ ಅವರ ತಲೆ ನನ್ನ ಹೆಗಲ ಮೇಲಿತ್ತು. ತಲೆಸುತ್ತು ಬಂದಾಗಲೆಲ್ಲ ಬಿ.ಪಿ. ಏರಿದೆಯೆಂದುಕೊಂಡು ಗುಳಿಗೆ ಒಂದಕ್ಕೆ ಎರಡು ನುಂಗುತ್ತಿದ್ದರೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಬಡಿತ ನಿಧಾನವಾದದ್ದು ಆ ಗುಳಿಗೆಯಿಂದಲೇ; ಡಾಕ್ಟರು ಅದನ್ನು ನಿಲ್ಲಿಸಿದರು. ಮೂರನೆಯ ದಿನ ಎದ್ದು ಕುಳಿತು ಉಪ್ಪಿಟ್ಟು ತಿಂದರು.

ನಾನು ಹೊರಟಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟರು. “ಇದನ್ನ ಒಯ್ಯಬ್ಯಾಡವ್ವಾ. ನಮ್ಮ ಓಣ್ಯಾಗ ಎದ್ದು ಅಡ್ಡಾಡಾಕ ಆಗದವ್ರು ಭಾಳ ಮಂದಿ ಅದಾರ.”

ಇದ್ದದ್ದು ಅದೊಂದೇ ಪೆಟ್ಟಿಗೆ. ಮೈಸೂರಿನ ಪ್ರಯೋಗಾಲಯದಲ್ಲಿ ಏನು ಉತ್ತರ ಕೊಡುವುದೆಂದು ದಾರಿಯಲ್ಲಿ ಯೋಚಿಸಿದರಾಯಿತೆಂದು ಆಸ್ಪತ್ರೆಯಲ್ಲಿ ಜೊತೆಗಿದ್ದ ಅವರ ಸೊಸೆಗೆ ಅದನ್ನು ಬಳಸಲು ಕಲಿಸಿ, ಹಗುರಾದ ಚೀಲವನ್ನು ಹೆಗಲಿಗೇರಿಸಿದೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಗಂಗಮ್ಮ ಪಕ್ಕದ ಮಂಚದ ಅಜ್ಜಿಗೆ ಎರಡೂ ಮುಷ್ಟಿ ಬಿಗಿದು ತೋರಿಸುತ್ತಿದ್ದರು: “ಹಿಂಗ ಹಿಡೀಬೇಕು ನೋಡು.”