ಮೂರು ಹಿಂಗಿನ ಡಬ್ಬಿ

ಸುದ್ದಗುಂಟೆಪಾಳ್ಯದ ಆ ಅಡ್ಡರಸ್ತೆಯಲ್ಲಿ ಮಟಮಟ ಮಧ್ಯಾಹ್ನ ಕಿಟಕಿಗೆ ಕಂಬಳಿ ಇಳಿಬಿಟ್ಟುಕೊಂಡು ಕೂರುವ ಮನೆ ಒಂದೇ. ಒಳಗೆ ಯಾರೋ ನೈಟ್ ಶಿಫ್ಟಿನವರು ಮಲಗಿದ್ದಾರೆಂದು ಎದುರಿನ ಪಿ.ಜಿ.ಯವರು ಬೈಕನ್ನು ತಳ್ಳಿಕೊಂಡೇ ಹೋಗುತ್ತಾರೆ. ಒಳಗಿರುವುದು ಚೂಡಾಮಣಿ. ವಯಸ್ಸು ಅರವತ್ತು, ಎಡಚರು, ಬೆಳ್ಳಿ ಕೆಲಸದವರು. ಬೆಂಕಿಯಲ್ಲಿ ಬೆಳ್ಳಿ ಯಾವಾಗ ಕೆಂಪೇರಿತು ಎಂಬುದು ಬಿಸಿಲಲ್ಲಿ ಕಾಣುವುದಿಲ್ಲ, ಅದಕ್ಕೆ ಕಂಬಳಿ. ಪಿ.ಜಿ.ಯವರ ತಪ್ಪು ತಿಳಿವಳಿಕೆಯನ್ನು ಅವರು ಈವರೆಗೆ ತಿದ್ದಿಲ್ಲ. ಬಿಟ್ಟಿ ಸಿಕ್ಕ ನಿಶ್ಶಬ್ದವನ್ನು ಯಾರು ವಾಪಸು ಕೊಡುತ್ತಾರೆ?

ಜಯನಗರದಲ್ಲಿ ನನ್ನದು ಬೆಳ್ಳಿ ಅಂಗಡಿ, ನಮ್ಮ ತಂದೆ ಹಾಕಿದ್ದು. ಗಾಜಿನ ಕಪಾಟಿನಲ್ಲಿರುವುದು ಮುಕ್ಕಾಲು ಪಾಲು ಮಿಷನ್ ಮಾಲು. ಮುರಿದದ್ದು, ಕಳಚಿದ್ದು, ಅಜ್ಜಿ ಕಾಲದ್ದು ಬಂದರೆ "ನಮ್ಮ ಕಾರ್ಖಾನೆಗೆ ಕಳಿಸ್ತೀವಿ" ಎನ್ನುತ್ತೇನೆ. ಕಾರ್ಖಾನೆ ಎಂದರೆ ಚೂಡಾಮಣಿಯವರ ಹತ್ತಡಿ ಅಗಲದ ಈ ಕೋಣೆ.

ಅವರ ಆಸ್ತಿ ಮೂರು ಹಿಂಗಿನ ಡಬ್ಬಿ. ಮೂರರಲ್ಲೂ ಬೆಳ್ಳಿಗೆ ಹಿತ್ತಾಳೆ ಬೆರೆಸಿ ಅವರೇ ಕರಗಿಸಿ, ತಗಡು ತಟ್ಟಿ, ಕತ್ತರಿಸಿಟ್ಟ ಬೆಸುಗೆಯ ಚೂರುಗಳು. ಹಿತ್ತಾಳೆ ಹೆಚ್ಚಾದಷ್ಟೂ ಬೆಸುಗೆ ಬೇಗ ಕರಗುತ್ತದೆ. ಒಂದನೇ ಡಬ್ಬಿಯದು ತಡವಾಗಿ ಕರಗುವ ಗಟ್ಟಿ, ಎರಡನೆಯದು ನಡುವಿನದು, ಮೂರನೆಯದು ಮೆತ್ತನೆಯದು. ಒಡವೆಗೆ ನಾಲ್ಕಾರು ಕಡೆ ಬೆಸುಗೆ ಬೇಕೆಂದರೆ ಗಟ್ಟಿಯಿಂದ ಶುರುಮಾಡಿ ಮೆತ್ತನೆಯದಕ್ಕೆ ಇಳಿಯಬೇಕು. ಇಲ್ಲವಾದರೆ ಎರಡನೆಯದನ್ನು ಕೂಡಿಸುವಷ್ಟರಲ್ಲಿ ಮೊದಲನೆಯದು ಕಳಚಿ ಕೈಗೆ ಬರುತ್ತದೆ. ಚೂರುಗಳು ಬೆರೆತುಹೋಗದಂತೆ ಗಟ್ಟಿಯದನ್ನು ಚೌಕವಾಗಿ, ನಡುವಿನದನ್ನು ಕಡ್ಡಿಯಂತೆ, ಮೆತ್ತನೆಯದನ್ನು ಮೂರು ಮೂಲೆಯಾಗಿ ಕತ್ತರಿಸಿಟ್ಟಿದ್ದಾರೆ.

ಟ್ಯೂಬಿನಲ್ಲಿ ಬರುವ ರೆಡಿಮೇಡ್ ಬೆಸುಗೆಯನ್ನು ಒಮ್ಮೆ ತಂದುಕೊಟ್ಟಿದ್ದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಿದ್ದಣ್ಣ, ಇದ್ರಲ್ಲಿ ಹಲ್ಲುಜ್ಜಬಹುದಾ?"

ಆ ಮಾತಿನ ಹಿಂದೆ ಅವರ ಗಂಡ ಗಂಗಯ್ಯನವರಿದ್ದರು. ಬೇಗ ಕರಗುತ್ತದೆಂದು ಪೇಟೆಯ ಬೆಸುಗೆಯನ್ನೇ ಇಪ್ಪತ್ತು ವರ್ಷ ಬಳಸಿದವರು. ಅದರಲ್ಲಿ ಕ್ಯಾಡ್ಮಿಯಂ ಇರುತ್ತದೆ, ಹೊಗೆ ಕೆಟ್ಟದ್ದು ಎಂದು ಆಗ ಯಾರೂ ಹೇಳಲಿಲ್ಲ. ಕೆಮ್ಮಿ ಕೆಮ್ಮಿ ತೀರಿಕೊಂಡರು. ಡಾಕ್ಟರು ಬೀಡಿ ಅಂದರು, ಚೂಡಾಮಣಿ ಹೊಗೆ ಅಂದರು. ತಿಥಿ ಮುಗಿದ ಮಾರನೆಯ ದಿನ ಪೇಟೆಯ ಬೆಸುಗೆಯನ್ನೆಲ್ಲ ಆಚೆ ಹಾಕಿ, ಹಿಂಗಿನ ಡಬ್ಬಿಗಳನ್ನು ತೊಳೆದಿಟ್ಟರು. ಗಂಡನ ಕೈಕೆಲಸದ ಒಂದು ಒಡವೆಯೂ ಅವರ ಹತ್ತಿರ ಉಳಿದಿರಲಿಲ್ಲ. ಮಾಡಿದ್ದೆಲ್ಲ ಗಿರಾಕಿಗಳದು. ಅವುಗಳಲ್ಲಿ ಎಷ್ಟನ್ನು 'ಹಳೆಯದು ಕೊಟ್ಟು ಹೊಸದು ಒಯ್ಯಿರಿ' ಎಂದು ನಾನೇ ಕರಗಿಸಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹೋದ ಶ್ರಾವಣದಲ್ಲಿ ಜೆ.ಪಿ. ನಗರದ ಮೀನಾಕ್ಷಮ್ಮ ಅಂಗಡಿಗೆ ಬಂದರು. ರಿಟೈರಾದ ಸ್ಕೂಲ್ ಮೇಡಂ, ಎಪ್ಪತ್ತರ ಮೇಲೆ. ಅವರ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಒಂದು ಕಿವಿ, ಎಂದರೆ ಕೊರಳ ದಾರ ಪೋಣಿಸುವ ಬಳೆ, ಕಿತ್ತುಬಂದಿತ್ತು. ತರಕಾರಿ ಕೊಳ್ಳುವಾಗ ಕಳಚಿದ್ದಂತೆ. ಪುಣ್ಯಕ್ಕೆ ಲಿಂಗ ನೆಲ ಮುಟ್ಟಲಿಲ್ಲ, ಸೆರಗಿನಲ್ಲಿ ನಿಂತಿತು.

"ಹೊಸದೇ ತಗೊಳ್ಳಿ ಮೇಡಂ. ಹಳೇದಕ್ಕೆ ಒಳ್ಳೆ ರೇಟ್ ಹಾಕ್ತೀನಿ."

"ರೇಟ್ ಕೇಳಿದ್ನಾ ನಾನು?"

ಕಾರ್ಖಾನೆಗೆ ಕಳಿಸುತ್ತೇನೆ ಎಂದೆ. ಹಾಗಾದರೆ ಕಾರ್ಖಾನೆಗೆ ನಾನೂ ಬರ್ತೀನಿ ಎಂದರು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದರು. ಅದು ಕರಡಿಗೆ ಸೇರುವವರೆಗೆ ಬಾಯಿಗೆ ನೀರೂ ಬೇಡ ಎಂದು ಬೆಳಗ್ಗೆಯಿಂದ ಹಾಗೇ ಇದ್ದರು. ಬೇರೆ ದಾರಿಯಿರಲಿಲ್ಲ. ಆಟೊ ಹಿಡಿದು, ಸುದ್ದಗುಂಟೆಪಾಳ್ಯದ ಮೂಲೆಯಲ್ಲಿ ಇಳಿದು, "ಅರ್ಧ ಗಂಟೆ, ಇಲ್ಲೇ ಇರಪ್ಪ" ಎಂದು ಡ್ರೈವರಿಗೆ ಹೇಳಿ ಒಳಗೆ ಕರೆದುಕೊಂಡು ಹೋದೆ.

ಚೂಡಾಮಣಿ ಕರಡಿಗೆಯ ಮುಚ್ಚಳ ತೆರೆದು ಒಳಗೆ ನೋಡಿದರು. ಮುಚ್ಚಳದ ಅಂಚಿನಲ್ಲಿ ಎಳ್ಳಿನಷ್ಟು ಗಾತ್ರದ ಮೂರು ಚುಕ್ಕೆ. ಗಂಗಯ್ಯ ತಮ್ಮ ಕೆಲಸಕ್ಕೆಲ್ಲ ಹಾಕುತ್ತಿದ್ದ ಗುರುತು.

"ನಮ್ಮೋರು ಮಾಡಿದ್ದು" ಎಂದರು.

ಆಮೇಲೆ ಕಿವಿ ಕಿತ್ತುಬಂದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ ಮುಖ ಕಿವುಚಿದರು. "ಇಲ್ಲಿ ಸೀಸ ಹಾಕವ್ರೆ ಸಿದ್ದಣ್ಣ. ಪಾತ್ರೆ ತೂತು ಮುಚ್ಚೋ ಸೀಸ."

ಬೆಳ್ಳಿಗೆ ಸೀಸ ತಗಲಿದ್ದರೆ ಎಷ್ಟು ಕೆಟ್ಟದ್ದೆಂದು ನನಗೂ ಗೊತ್ತು. ಒಂದು ಚೂರು ಉಳಿದರೂ ಬೆಂಕಿ ಬಿದ್ದ ಕೂಡಲೇ ಸೀಸ ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ. ಗಂಗಯ್ಯನವರ ಕೈಯಿಂದ ಉಳಿದದ್ದು ಇದೊಂದು. ಅದೂ ಹೋಗಬಹುದು.

"ಯಾವನ್ರೀ ಅವ್ನು, ಕರಡಿಗೆಗೆ ಸೀಸ ಹಾಕಿದೋನು" ಎನ್ನುತ್ತಾ ಅರದಿಂದ ಕೆರೆಯಲು ಕೂತವರು ಎರಡು ಸಲ ಉಜ್ಜಿ ನಿಲ್ಲಿಸಿಬಿಟ್ಟರು. ಸೀಸದ ಮೇಲೆ ಹಳೆಯ ಅರದ ಗೀರುಗಳಿದ್ದವು. ಪಕ್ಕದಲ್ಲಿ ಈಗಷ್ಟೇ ಬಿದ್ದ ಗೀರುಗಳು. ಎರಡೂ ಒಂದೇ ಕಡೆಗೆ, ಎಡಗೈಯಲ್ಲಿ ಅರ ಹಿಡಿದವರ ಗೀರಿನಂತೆ ವಾಲಿದ್ದವು.

ನನಗೆ ನೆನಪು ಬಂದದ್ದೂ ಆಗಲೇ. ಮೂವತ್ತೆಂಟು ವರ್ಷದ ಹಿಂದೆ ಇದೇ ಕರಡಿಗೆಯನ್ನು ಇದೇ ಬಾಗಿಲಿಗೆ ತಂದವನು ನಾನು. ಗಂಗಯ್ಯ ಮಾಗಡಿಗೆ ಹೋಗಿದ್ದರು. ಮನೆಯಲ್ಲಿ ಹೊಸ ಹೆಂಡತಿ ಒಬ್ಬರೇ. "ಗಿರಾಕಿ ಕಾಯ್ತವ್ರೆ, ಏನಾದ್ರೂ ಹಚ್ಚಿ ಕೂಡಿಸಿಕೊಡಿ" ಎಂದು ಬಾಗಿಲಲ್ಲೇ ನಿಂತಿದ್ದೆ. ಬೆಸುಗೆ ಎಂದರೆ ಪಾತ್ರೆಯವನು ಬೀದಿಯಲ್ಲಿ ಮಾಡುವುದನ್ನು ಮಾತ್ರ ಕಂಡಿದ್ದ ಹುಡುಗಿ, ಅವನು ಹಿತ್ತಲಲ್ಲಿ ಬಿಟ್ಟುಹೋಗಿದ್ದ ಸೀಸದ ತುಂಡು ತಂದು ಹಚ್ಚಿಕೊಟ್ಟಿತ್ತು. ಕೆಲಸ ಕಲಿತದ್ದೆಲ್ಲ ಆಮೇಲೆ.

ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿಯೂ ಹೇಳಿದೆ. ಅವರು ಅರ ಕೆಳಗಿಟ್ಟರು.

"ಅಮ್ಮ, ಈ ಸೀಸ ಹಾಕಿದ್ದು ನಾನೇ. ಮದುವೆ ಆದ ಹೊಸದು, ಬಾಗಿಲಲ್ಲಿ ನಿಂತು ಅವಸರ ಮಾಡಿದ್ರು. ಆಗ ಗೊತ್ತಿರಲಿಲ್ಲ. ಯಜಮಾನರಿಗೂ ಹೇಳಲಿಲ್ಲ. ಲಿಂಗ ಬೀಳೋ ಹಾಗೆ ಮಾಡಿಬಿಟ್ಟಿದ್ದೆ."

ಮೀನಾಕ್ಷಮ್ಮ ಕೊರಳ ವಸ್ತ್ರದ ಗಂಟು ಮುಟ್ಟಿ ನೋಡಿಕೊಂಡರು.

"ಮೂವತ್ತೆಂಟು ವರ್ಷ ನಿಂತಿತ್ತಲ್ಲಮ್ಮ. ನಮ್ಮನೆ ಮಿಕ್ಸಿ ಮೂರು ವರ್ಷ ನಿಲ್ಲಲ್ಲ." ನನ್ನ ಕಡೆ ತಿರುಗಿದರು. "ಅವತ್ತು ಬಾಗಿಲಲ್ಲಿ ನಿಂತು ಅವಸರ ಮಾಡಿದವರು ಯಾರು?"

"ಯಾರೋ ಅಂಗಡಿಯವರಿರಬೇಕು ಮೇಡಂ."

ಸೀಸವನ್ನು ಕೆರೆಯಲು ಒಂದು ಗಂಟೆ ಹಿಡಿಯಿತು. ಆಟೊದವನು ಎರಡು ಸಲ ಹಾರ್ನ್ ಹೊಡೆದ. ಸೀಸ ಹತ್ತಿದ್ದ ಹಳೆಯ ಕಿವಿ ಬಿಟ್ಟು ಹೊಸ ಕಿವಿಯನ್ನು ಕಬ್ಬಿಣದ ಸಣ್ಣ ತಂತಿಯಿಂದ ಬಿಗಿದು ಚೂಡಾಮಣಿ ಡಬ್ಬಿಗೆ ಕೈಹಾಕಿದರು.

"ಮೂರನೇದೇ ಹಾಕಿಬಿಡಿ, ಬೇಗ ಆಗತ್ತೆ" ಎಂದೆ. ಬೆಂಕಿ ಕಡಿಮೆ ಸಾಕು, ತೂತು ಬೀಳುವ ಭಯವೂ ಕಡಿಮೆ.

"ಅದ್ರಲ್ಲಿ ಹಿತ್ತಾಳೆ ಜಾಸ್ತಿ. ಎದೆ ಬೆವರಿಗೆ ಕಪ್ಪಾಗತ್ತೆ." ಎರಡನೆಯದನ್ನು ತೆರೆದರು. ಗಂಗಯ್ಯ ಹಾಕಿದ್ದ ಹಳೆಯ ಬೆಸುಗೆಗಳು ಈ ಕಾವಿಗೆ ಸಡಿಲವಾಗಬಾರದೆಂದು ಒಂದೊಂದಕ್ಕೂ ಕೆಮ್ಮಣ್ಣಿನ ಕೆಸರು ಬಳಿದರು, ಮಗುವಿನ ಗಾಯಕ್ಕೆ ಮುಲಾಮು ಹಚ್ಚಿದ ಹಾಗೆ. ಬಿಳಿಗಾರದ ತುಂಡನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದು, ಆ ಹಾಲಿನಂಥ ರಸವನ್ನು ಕಿವಿಯ ಬುಡಕ್ಕೆ ಕುಂಚದಲ್ಲಿ ಸವರಿ, ಕಡ್ಡಿಯಂಥ ಎರಡು ಚೂರು ಇಟ್ಟರು. ಬಿಳಿಗಾರ ಹಚ್ಚದ ಕಡೆ ಬೆಸುಗೆ ಹರಿಯುವುದಿಲ್ಲ, ಸುಮ್ಮನೆ ಉಂಡೆಗಟ್ಟುತ್ತದೆ.

ಬರ್ನರ್ ಹಚ್ಚಿ ಊದುಕೊಳವೆ ಬಾಯಿಗಿಟ್ಟುಕೊಂಡರು. ಕತ್ತಲೆಯಲ್ಲಿ ಬಿಳಿಗಾರ ಅರಳಿನಂತೆ ಉಬ್ಬಿತು. ಇಲ್ಲಿ ಅವಸರ ಮಾಡಿದರೆ ಚೂರು ಹಾರಿಹೋಗುತ್ತದೆ. ಜ್ವಾಲೆಯನ್ನು ದೂರಕ್ಕೆ ಸರಿಸಿ, ಸುತ್ತ ಆಡಿಸಿ ಕಾದರು. ಉಬ್ಬಿದ್ದು ಇಳಿದು ಎಣ್ಣೆಯಂತೆ ಹೊಳೆಯಿತು. ಬೆಳ್ಳಿ ಮಂಕು ಕೆಂಪಿಗೆ ಬಂತು. ಮೀನಾಕ್ಷಮ್ಮನ ತುಟಿಗಳು ಅಲ್ಲಾಡುತ್ತಿದ್ದವು. ತೂತು ಬೀಳುವುದಾದರೆ ಇದೇ ಗಳಿಗೆಯಲ್ಲಿ. ನಾನು ಉಸಿರು ಹಿಡಿದಿದ್ದೆ, ಕೋಣೆಯಲ್ಲಿ ಉಸಿರಿದ್ದದ್ದು ಚೂಡಾಮಣಿಯವರಿಗೆ ಮಾತ್ರ, ಅದೂ ಕೊಳವೆಯೊಳಗೆ. ಆಮೇಲೆ ಒಂದು ಬೆಳಕಿನ ಗೆರೆ ಕಿವಿಯ ಬುಡದ ಸುತ್ತ ಓಡಿತು. ಬೆಸುಗೆ ನೀರಾಗಿ ಹರಿದಿತ್ತು. ಜ್ವಾಲೆ ಅಲ್ಲಿಗೇ ಆರಿಸಿದರು.

ಹುಣಸೆಹುಳಿ ನೀರಿನಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ಉಜ್ಜಿ, ಕಂಬಳಿ ಸರಿಸಿ ಬೆಳಕಿಗೆ ಹಿಡಿದರು. ಎಲ್ಲೂ ತೂತಿಲ್ಲ. ಕಿವಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ಅಲ್ಲಾಡಲಿಲ್ಲ. ಮೂರು ಚುಕ್ಕೆಯನ್ನು ಹೆಬ್ಬೆರಳಲ್ಲಿ ಒರೆಸಿ ಮುಂದೆ ಚಾಚಿದರು.

ಬೆಳಗ್ಗೆಯಿಂದ ನೀರು ಕುಡಿಯದ ಮೀನಾಕ್ಷಮ್ಮ ಕೈ ಚಾಚಲಿಲ್ಲ.

"ಇಟ್ಕೊಂಡಿರಿ ಸ್ವಲ್ಪ ಹೊತ್ತು. ನನಗೇನೂ ಅವಸರ ಇಲ್ಲ."

ಚೂಡಾಮಣಿ ಕರಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮುಚ್ಚಳ ತೆರೆದರು, ಮುಚ್ಚಿದರು. ಹೊರಗೆ ಮತ್ತೆ ಹಾರ್ನ್ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಮೂಲೆಯವರೆಗೆ ಹೋಗಿ, ಆಟೊದವನನ್ನು ಕಳಿಸಿಬಿಟ್ಟೆ.