ಯಾವ ಪ್ರೊಸೆಸರ್‌ಗೆ ಎಂದು ಕೇಳುತ್ತಿದ್ದ ಗಿರಿಜಾ ಮೇಡಂ

ಎಂಟರ್ ಒತ್ತುವ ಮೊದಲು ಗಿರಿಜಾ ಮೇಡಂ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ಪರದೆಯ ಮೇಲಿನ ಸಾಲನ್ನು ತುಟಿ ಅಲುಗಿಸುತ್ತಾ ಕೊನೆಯವರೆಗೂ ಓದಿ, ಆಮೇಲೆ ಒಂದೇ ಬೆರಳಿನಿಂದ ಒತ್ತುವರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ನಾವೆಲ್ಲ ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆವು. ಐವತ್ತೈದು ದಾಟಿದ್ದ ಅವರು ದಿನವೂ ಭದ್ರಾವತಿಯ ಕಾಗದನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ದಾರಿಯುದ್ದಕ್ಕೂ ನಿಂತೇ ಬಂದ ದಿನವೂ ಸೀರೆಯ ನೆರಿಗೆ ಕದಲಿರುತ್ತಿರಲಿಲ್ಲ.

ನಾವು ಬರೆದ ಕೋಡನ್ನು ಪ್ರೊಸೆಸರ್‌ಗೆ ತಿಳಿಯುವ ಆದೇಶಗಳನ್ನಾಗಿ ಮಾಡಿಕೊಡುವುದು ಕಂಪೈಲರ್. ಯಾವ ಪ್ರೊಸೆಸರ್‌ಗೆ ಎಂದು ಅದಕ್ಕೆ ಹೇಳಲು ಆಪ್ಷನ್‌ಗಳಿವೆ. ನಾವು ಅವನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮೇಡಂ ಮಾತ್ರ ಬೆನ್ನ ಹಿಂದೆ ಬಂದು ನಿಂತು ಕೇಳುವರು: "ಇದು ಎಲ್ಲಿ ಓಡೋದು ಮಾರಾಯ? ನಿನ್ನ ಮೇಜಿನ ಮೇಲಾ, ಅವರ ಮೇಜಿನ ಮೇಲಾ?"

ಭದ್ರಾವತಿಯ ಒಂದು ಎರಕದ ಕಾರ್ಖಾನೆಯವರು ನಮ್ಮ ಗಿರಾಕಿಗಳು. ಕರಗಿದ ಕಬ್ಬಿಣ ತುಂಬಿದ ದೈತ್ಯ ಬಕೆಟ್ ಅಲ್ಲಿ ಕ್ರೇನಿನಲ್ಲಿ ತೂಗುತ್ತಾ ಹೋಗುತ್ತದೆ. ಅದಕ್ಕೆ ಲ್ಯಾಡಲ್ ಅನ್ನುತ್ತಾರೆ. ಒಳಗಿನ ಇಟ್ಟಿಗೆ ಸವೆದರೆ ಹೊರಗೋಡೆ ಒಂದು ಕಡೆ ಮಿತಿಮೀರಿ ಕಾಯುತ್ತದೆ. ಯಾರೂ ಗಮನಿಸದಿದ್ದರೆ ಒಡೆದು ಕೆಳಗಿದ್ದವರ ಮೇಲೆ ಸುರಿಯುತ್ತದೆ. ಶಾಖ ಗುರುತಿಸುವ ಕ್ಯಾಮೆರಾ ನೋಡಿ ಸೈರನ್ ಕೂಗಿಸುವ ಸಾಫ್ಟ್‌ವೇರ್ ನಮ್ಮದು. ಸೈರನ್ ತಡವಾಗುತ್ತದೆ ಎಂದು ದೂರು ಬಂದಿತ್ತು. ಬಿಸಿ ಕಂಡಾಗ ಲೆಕ್ಕ ಹಾಕುವ ಭಾಗವೊಂದನ್ನೇ, ವೇಗವಾಗಲೆಂದು, ನಾನು 'ನೇಟಿವ್' ಎಂಬ ಆಪ್ಷನ್ ಕೊಟ್ಟು ಕಂಪೈಲ್ ಮಾಡಿದೆ. ನನ್ನ ಹೊಸ ಕಂಪ್ಯೂಟರಿನಲ್ಲಿ ಅದು ಕುದುರೆಯಂತೆ ಓಡಿತು.

ಮರುದಿನ ಬೆಳಿಗ್ಗೆ ಮೇಡಂ ಜೊತೆ ಹೋಗಿ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಹಾಕಿದಾಗಲೂ ಚಿತ್ರ ಚೆನ್ನಾಗಿಯೇ ಮೂಡಿತು. ಸೂಪರ್‌ವೈಸರ್ ಲೋಕೇಶಪ್ಪ ಕ್ರೇನಿಗೆ ಹೊರಡಲು ಕೈ ಎತ್ತಿದರು. ಅಷ್ಟರಲ್ಲಿ ಮೇಡಂ ನನ್ನತ್ತ ತಿರುಗಿದರು.

"ಯಾವ ಪ್ರೊಸೆಸರ್‌ಗೆ ಮಾಡ್ದೆ ಮಂಜು?"

"ನೇಟಿವ್ ಕೊಟ್ಟಿದ್ದೀನಿ ಮೇಡಂ."

"ಅಂದ್ರೆ ನಿನ್ನ ಮಷೀನಿಗೆ. ಇಲ್ಲಿರೋದು ಹಳೇದು."

ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕ್ರೇನಿನ ದಾರಿಗೆ ಅಡ್ಡ ನಿಂತು ಎರಡೂ ಕೈ ಎತ್ತಿದರು. "ನಿಲ್ಸಿ!"

ಲೋಕೇಶಪ್ಪ ಸಿಡುಕಿದರು. "ಮೇಡಂ, ಕಬ್ಬಿಣ ಕಾದು ನಿಂತಿದೆ. ತಣ್ಣಗಾದ್ರೆ ಲ್ಯಾಡಲ್ಲೇ ಹಾಳಾಗುತ್ತೆ."

"ಗೊತ್ತು. ಹದಿನೈದು ನಿಮಿಷ ಕೊಡಿ."

ಗ್ಯಾಸ್ ಟಾರ್ಚಿನಿಂದ ಒಂದು ತಗಡನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಕ್ಯಾಮೆರಾ ಮುಂದೆ ತರಿಸಿದರು. ಮರುಕ್ಷಣ ಪರದೆಯಿಂದ ಚಿತ್ರವೇ ಮಾಯವಾಯಿತು. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂಬ ಎರಡು ಪದ ಉಳಿದವು. ನಾನು ಬಳಸಿದ್ದ ಆದೇಶ ಆ ಹಳೆಯ ಪ್ರೊಸೆಸರ್‌ಗೆ ಗೊತ್ತೇ ಇರಲಿಲ್ಲ. ಸೈರನ್ ಕೂಗಲಿಲ್ಲ. ಬಿಸಿ ಕಂಡ ಗಳಿಗೆಯಲ್ಲೇ ಸಾಫ್ಟ್‌ವೇರ್ ಸತ್ತಿತ್ತು.

ಮೇಡಂ ಬೈಯಲಿಲ್ಲ. ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು, ಆಪ್ಷನ್‌ನಲ್ಲಿ ಆ ಹಳೆಯ ಪ್ರೊಸೆಸರಿನ ಹೆಸರನ್ನೇ ಬರೆದು, ಕೈಗಳನ್ನು ಮಡಿಲಲ್ಲಿಟ್ಟು ಓದಿದರು. ಲೋಕೇಶಪ್ಪ ಗಡಿಯಾರ ನೋಡುತ್ತಾ ಅತ್ತಿಂದಿತ್ತ ತಿರುಗುತ್ತಿದ್ದರು. ಮತ್ತೆ ತಗಡು ಕಾಯಿಸಿ ತಂದಾಗ ಸೈರನ್ ತಡವಿಲ್ಲದೆ ಕಿವಿ ಹರಿಯುವಂತೆ ಕೂಗಿತು.

"ಇನ್ನು ಲ್ಯಾಡಲ್ ಕೆಳಗೆ ಕೆಲಸ ಮಾಡೋರಿಗೆ ಹೇಳು" ಎಂದರು ಮೇಡಂ.

"ಏನಂತ ಮೇಡಂ?"

"ಏನಾಗಿತ್ತೋ ಅದನ್ನೇ."

ಲ್ಯಾಡಲ್‌ಗೆ ಕೊಕ್ಕೆ ಹಾಕುವ ವೇಲುವಿನ ಮುಂದೆ ನಿಂತು, ತಪ್ಪು ನನ್ನದು ಎಂದೆ. ಅವನು ನನ್ನನ್ನೇ ದಿಟ್ಟಿಸಿದ. "ಈಗ ಸರಿ ಹೋಯ್ತಾ ಸಾರ್? ಹಂಗಾದ್ರೆ ನೀವೂ ಇಲ್ಲೇ ನಿಂತ್ಕೊಳ್ಳಿ." ಕಬ್ಬಿಣ ಪೂರ್ತಿ ಸುರಿದು ಮುಗಿಯುವವರೆಗೆ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಮೇಡಂ ನನ್ನ ಪಕ್ಕದಲ್ಲಿದ್ದರು.

ಎರಡು ವರ್ಷದ ನಂತರ ಅವರು ಕಾಯಿಲೆ ಬಿದ್ದು ಕೆಲಸ ಬಿಟ್ಟರು. ಜನ್ನಾಪುರದ ತಂಗಿಯ ಮನೆಯಲ್ಲಿ ಕೊನೆಯ ಸಲ ಕಂಡಾಗ ದಿಂಬಿಗೆ ಒರಗಿ ಕುಳಿತಿದ್ದರು.

"ವೇಲು ಹತ್ರ ಹೇಳೋವಾಗ ಹೆದರಿಕೆ ಆಗಿತ್ತಾ ಮಂಜು?"

"ತುಂಬಾ ಆಗಿತ್ತು ಮೇಡಂ."

"ಹೇಳಿದ ಮೇಲೆ?"

"ಹಗುರ ಆಯ್ತು."

"ಹಂಗಿರುತ್ತಾ" ಎಂದರು. ಆಮೇಲೆ ತಮ್ಮದೊಂದು ಹಳೆಯ ಸಂಗತಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಗಡು ಕತ್ತರಿಸುವ ಯಂತ್ರವೊಂದಕ್ಕೆ ಅವರು ಬರೆದ ಕೋಡಿನಲ್ಲಿ ತಪ್ಪಿತ್ತು. ಬಸವರಾಜ ಎಂಬ ಕೆಲಸಗಾರನ ಎರಡು ಬೆರಳು ಹೋದವು. ಅವನೇ ಮೈಮರೆತಿದ್ದ ಎಂದು ಎಲ್ಲರೂ ಅಂದರು. "ನಾನೂ ಬಾಯಿ ಬಿಡ್ಲಿಲ್ಲ. ಅವನು ಎಲ್ಲಿದ್ದಾನೋ, ಹುಡುಕ್ತೀಯಾ? ಅವನಿಗೆ ನಾನೇ ಹೇಳ್ಬೇಕು."

ಹುಡುಕಲು ಮೂರು ವಾರ ಹಿಡಿಯಿತು. ಬಸವರಾಜರು ಸಿಕ್ಕಿದ್ದಾರೆಂದು ಹೇಳಲು ಮೇಡಂಗೆ ಫೋನ್ ಮಾಡಿದಾಗ ಅವರ ತಂಗಿ ಎತ್ತಿಕೊಂಡರು. ಮೇಡಂ ಹಿಂದಿನ ದಿನವೇ ತೀರಿಕೊಂಡಿದ್ದರು.

ಬಸವರಾಜರ ಮನೆಗೆ ನಾನೊಬ್ಬನೇ ಹೋದೆ. ಮೂರು ಬೆರಳಿನ ಕೈಯಿಂದ ಕುರ್ಚಿ ಎಳೆದುಕೊಟ್ಟು, "ಕೂತ್ಕೊಳ್ಳಿ, ಯಾರ ಕಡೆಯೋರು?" ಎಂದರು.

"ಗಿರಿಜಾ ಮೇಡಂ ಕಡೆಯವನು" ಎಂದೆ.